ನೀಸ್‌ನಲ್ಲಿ ಎಡಕ್ಕೆ ಓಡಿದ ಗಾಡಿಗಳು

ಆ ಹನ್ನೆರಡು ಊರುಗಳಲ್ಲಿ ಒಂದಕ್ಕೂ ನಾನು ಹೋದವಳಲ್ಲ. ಆದರೆ ಹನ್ನೆರಡನ್ನೂ ಭೂತಗನ್ನಡಿ ಹಿಡಿದು ಒಂದೊಂದು ಕಿಟಕಿ, ಒಂದೊಂದು ಅಲೆ ಬಿಡದೆ ನೋಡಿದ್ದೇನೆ. ನಯಾಗರಾ ಜಲಪಾತದ ಕಟಕಟೆಗೆ ಒರಗಿ ನಿಂತವರಲ್ಲಿ ಮಳೆಯಂಗಿ ಹಾಕದವರು ಎಷ್ಟು ಜನ, ಸ್ವಿಟ್ಜರ್ಲೆಂಡಿನ ಸರೋವರದ ದಡದಲ್ಲಿ ಕಟ್ಟಿದ್ದ ದೋಣಿಗಳಲ್ಲಿ ಕೆಂಪು ಬಣ್ಣದ್ದು ಎಷ್ಟನೆಯದು ಎಂದು ಇವತ್ತು ಕೇಳಿದರೂ ಹೇಳಿಯೇನು. ಅಷ್ಟು ನೋಡಿದವಳು ಒಂದು ಊರನ್ನು ಮಾತ್ರ ಪೂರ್ತಿ ತಿರುವುಮುರುವು ಮಾಡಿಟ್ಟೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ನನಗೆ ಕೆಲಸ. ದೇವರ ಕ್ಯಾಲೆಂಡರ್‌ಗಳಿಂದ ಹೆಸರು ಮಾಡಿದ ಪ್ರೆಸ್ಸು ಅದು. ಹೆಂಗಸರೆಲ್ಲ ಬೈಂಡಿಂಗ್ ವಿಭಾಗದಲ್ಲಿ. ಹಾಳೆ ಜೋಡಿಸುವುದು, ಕ್ಯಾಲೆಂಡರಿನ ತಲೆಗೆ ತಗಡಿನ ಪಟ್ಟಿ ಹೊಡೆಯುವುದು, ಸುರುಳಿ ಸುತ್ತುವುದು. ನಾನೂ ಮೂರು ವರ್ಷ ಅದನ್ನೇ ಮಾಡಿ ಬೆರಳ ತುದಿಯೆಲ್ಲ ಗೀರು ಮಾಡಿಕೊಂಡಿದ್ದೆ. ಆ ವರ್ಷ ಮ್ಯಾನೇಜರು ನನ್ನನ್ನು ಆರು ತಿಂಗಳ ಪರೀಕ್ಷೆಗೆಂದು ಲೈಟ್ ಟೇಬಲ್‌ಗೆ ಹಾಕಿದರು. ಒಳಗೆ ದೀಪ ಉರಿಯುವ, ಮೇಲೆ ಹಾಲುಗಾಜು ಹಾಸಿದ ಮೇಜು. ಫಿಲ್ಮುಗಳನ್ನು ಅದರ ಮೇಲಿಟ್ಟು ನೋಡಬೇಕು, ಕತ್ತರಿಸಬೇಕು, ಜೋಡಿಸಬೇಕು. ನಮ್ಮಲ್ಲಿ ಆ ಮೇಜಿಗೆ ಕೂತ ಮೊದಲ ಹೆಂಗಸು ನಾನೇ. ಆರು ತಿಂಗಳು ತಪ್ಪಿಲ್ಲದೆ ಕಳೆದರೆ ಕಾಯಂ, ಇಲ್ಲದಿದ್ದರೆ ಮತ್ತೆ ತಗಡು. ಹಟ ಅನ್ನಿ, ಆಸೆ ಅನ್ನಿ, ನನಗೆ ಆ ಮೇಜು ಬೇಕೇ ಬೇಕಿತ್ತು.

ಐದನೆಯ ತಿಂಗಳಿಗೆ ಆ ಕೆಲಸ ಬಂತು. ಗಿರಾಕಿ ನಮ್ಮ ಪಕ್ಕದ ಬೀದಿಯ ಪಂಪ್ ಕಾರ್ಖಾನೆಯ ಮಾಲೀಕರು. ಪ್ರತಿ ವರ್ಷ ಲಕ್ಷ್ಮಿಯನ್ನೋ ಗಣಪತಿಯನ್ನೋ ಅಚ್ಚು ಹಾಕಿಸುತ್ತಿದ್ದವರು. ಆ ವರ್ಷ ಅವರ ಪಂಪು ಮೊದಲ ಸಲ ಹೊರದೇಶಕ್ಕೆ ಹೋಗಿತ್ತು, ಕಾಲು ನೆಲದ ಮೇಲಿರಲಿಲ್ಲ.

“ಈ ಸಲ ದೇವ್ರು ಬೇಡ ಸಾರ್,” ಎಂದು ಮ್ಯಾನೇಜರ ಮೇಜಿನ ಮೇಲೆ ಒಂದು ಲಕೋಟೆ ಇಟ್ಟರು. “ಪ್ರಪಂಚದಲ್ಲಿ ಜನ ರಜಾ ಹಾಕಿ ಎಲ್ಲೆಲ್ಲಿಗೆ ಹೋಗ್ತಾರೋ ಅಂಥ ಹನ್ನೆರಡು ಊರು. ತಿಂಗಳಿಗೊಂದು. ಬೊಂಬಾಯಿಂದ ತರಿಸಿದೀನಿ. ಮೂರು ಸಾವಿರ ಕ್ಯಾಲೆಂಡರ್. ಹೊಸ ವರ್ಷಕ್ಕೆ ಮುಂಚೆ ಕೈಗೆ ಸಿಗ್ಬೇಕು.”

ಲಕೋಟೆಯಲ್ಲಿದ್ದದ್ದು ಹನ್ನೆರಡು ಟ್ರಾನ್ಸ್‌ಪರೆನ್ಸಿ. ಅಂಗೈಯಗಲದ ಬಣ್ಣದ ಫಿಲ್ಮುಗಳು. ಬೆಳಕಿಗೆ ಹಿಡಿದರೆ ಊರು ಕಾಣುತ್ತದೆ. ಸ್ವಿಟ್ಜರ್ಲೆಂಡ್, ನಯಾಗರಾ, ಹಾಂಗ್‌ಕಾಂಗ್, ಹವಾಯಿ, ವೆನಿಸ್, ಫ್ರಾನ್ಸಿನ ನೀಸ್, ಹೀಗೆ. ಅಂದು ಇಡೀ ಪ್ರೆಸ್ಸು ನನ್ನ ಮೇಜಿನ ಸುತ್ತ ಮುತ್ತಿಕೊಂಡಿತು. ಮಿಷಿನ್‌ಮನ್ ಹವಾಯಿಯನ್ನು ಕೆಳಗಿಡಲೇ ಇಲ್ಲ. ಬೈಂಡಿಂಗ್ ಹೆಂಗಸರು ವೆನಿಸ್ ನೋಡಿ, “ಅಯ್ಯೋ ಶಿವನೇ, ಬಾಗ್ಲು ತೆಗೆದ್ರೆ ನೀರು! ಇವ್ರು ರಂಗೋಲಿ ಎಲ್ಲಿ ಬಿಡ್ತಾರೆ?” ಎಂದು ಚಿಂತೆ ಮಾಡಿದರು.

ಈಗ ಸ್ವಲ್ಪ ಕೆಲಸದ ಕ್ರಮ ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ಎಂಥದ್ದೆಂದು ತಿಳಿಯುವುದಿಲ್ಲ. ಟ್ರಾನ್ಸ್‌ಪರೆನ್ಸಿ ಮೊದಲು ನನ್ನ ಮೇಜಿಗೆ ಬರುತ್ತದೆ. ನಾನು ಒಂಟೆಕೂದಲ ಬ್ರಷ್ಷಿನಿಂದ ಧೂಳು ತೆಗೆದು, ಗಾಜಿನ ಮೇಲೆ ಟೇಪು ಹಾಕಿ ಕೂರಿಸಿ, ಯಾವುದು ಎದುರುಮುಖ ಯಾವುದು ಹಿಂಬದಿ ಎಂದು ಗುರುತು ಮಾಡುತ್ತೇನೆ. ಅಲ್ಲಿಂದ ಕತ್ತಲೆಕೋಣೆಗೆ. ಅಲ್ಲಿ ಕ್ಯಾಮೆರಾ ಮೇಷ್ಟ್ರು ಒಂದೇ ಚಿತ್ರವನ್ನು ನಾಲ್ಕು ಸಲ ಹೊಡೆಯುತ್ತಾರೆ. ಹಳದಿಗೊಂದು, ಕೆಂಪಿಗೊಂದು, ನೀಲಿಗೊಂದು, ಕಪ್ಪಿಗೊಂದು. ಆ ನಾಲ್ಕು ಫಿಲ್ಮಿನಿಂದ ನಾಲ್ಕು ಪ್ಲೇಟು. ಒಂದೊಂದೇ ಬಣ್ಣ ಒಂದರ ಮೇಲೊಂದು ಬಿದ್ದು ಕೊನೆಗೆ ಊರು ಏಳುತ್ತದೆ.

ಫಿಲ್ಮಿಗೆ ಎರಡು ಮುಖ. ಒಂದು ಹೊಳಪು, ಒಂದು ಮಂದ. ಹೊಳಪು ನಮ್ಮ ಕಡೆಗಿದ್ದರೆ ಚಿತ್ರ ನೇರ, ಮಂದ ನಮ್ಮ ಕಡೆಗಿದ್ದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು. ಮೂಲೆಯಲ್ಲಿ ಫಿಲ್ಮು ಮಾಡುವ ಕಂಪನಿಯವರೇ ಗುರುತಿಗೆಂದು ಅಂಚು ಕೊರೆದು ಕಚ್ಚು ಹಾಕಿರುತ್ತಾರೆ, ಅದನ್ನು ನೋಡಿಯೂ ಹೇಳಬಹುದು. ಆದರೆ ನಮ್ಮ ಪ್ರೆಸ್ಸಿನ ಪದ್ಧತಿ ಇದಕ್ಕಿಂತ ಸುಲಭ. ಮೂವತ್ತು ವರ್ಷ ದೇವರನ್ನೇ ಹೊಡೆದ ಕ್ಯಾಮೆರಾ ಮೇಷ್ಟ್ರು ಮೊದಲ ದಿನವೇ ನನಗೆ ಹೇಳಿಕೊಟ್ಟಿದ್ದರು: “ಕಚ್ಚು ಗಿಚ್ಚು ಆಮೇಲೆ ಕಣಮ್ಮ. ಮೊದ್ಲು ದೇವ್ರ ಬಲಗೈ ನೋಡು. ಅಭಯಹಸ್ತ ಬಲಗಡೇದೇ ಇರುತ್ತೆ. ಅದು ಸರಿಯಿದ್ರೆ ಚಿತ್ರ ಸರಿ.” ಅಷ್ಟೇ. ಆ ಒಂದು ಸೂತ್ರದಿಂದ ನಮ್ಮ ಪ್ರೆಸ್ಸಿನಲ್ಲಿ ಯಾವ ದೇವರೂ ಎಡಗೈಯಲ್ಲಿ ಆಶೀರ್ವಾದ ಮಾಡಿರಲಿಲ್ಲ.

ಹನ್ನೊಂದು ಊರುಗಳಿಗೆ ತೊಂದರೆ ಬರಲಿಲ್ಲ. ಮೂಲ ಫಿಲ್ಮುಗಳು, ಕಚ್ಚು ಸ್ಪಷ್ಟವಾಗಿತ್ತು. ಮೇ ತಿಂಗಳಿನ ನೀಸ್ ಒಂದೇ ಬೇರೆ. ಅದು ಕಾಪಿಯಿಂದ ತೆಗೆದ ಕಾಪಿ. ಯಾರೋ ಪುಣ್ಯಾತ್ಮರು ಅಂಚನ್ನೆಲ್ಲ ಕತ್ತರಿಸಿ ಕಚ್ಚನ್ನೇ ಹಾರಿಸಿದ್ದರು. ಎತ್ತರದಿಂದ ತೆಗೆದ ಚಿತ್ರ. ಕುಡುಗೋಲಿನ ಹಾಗೆ ಬಾಗಿದ ಕಡಲ ದಂಡೆ, ದಂಡೆಯುದ್ದಕ್ಕೂ ಅಗಲ ರಸ್ತೆ, ಸಾಲು ಮರ, ಬಿಳಿ ಕಟ್ಟಡಗಳು, ರಸ್ತೆಯ ಮೇಲೆ ಇರುವೆಯಷ್ಟು ಇರುವೆಯಷ್ಟು ಕಾರು.

ಮೇಷ್ಟ್ರು ಹೊಳಪಿನ ಮುಖ ಮೇಲೆ ಮಾಡಿ ಇಟ್ಟು, “ಕಾಪಿಯಲ್ಲಿ ಮುಖ ಪೂರ್ತಿ ನಂಬೋ ಹಾಗಿಲ್ಲ. ಕಾಪಿ ತೆಗೆಯೋನು ಉಲ್ಟಾ ಇಟ್ಟಿದ್ರೆ ಉಲ್ಟಾನೇ ಬಂದಿರುತ್ತೆ. ನೋಡೋಕೇನೋ ಸರಿಯಾಗೇ ಇದೆ, ಹಾಕ್ಬಿಡು,” ಎಂದರು.

ನಾನು ಹಾಕಬೇಕಲ್ಲ! ಭೂತಗನ್ನಡಿ ಹಿಡಿದೆ. ಬೋರ್ಡು ಏನಾದರೂ ಓದಲು ಸಿಗುತ್ತದೋ ಎಂದು ಹುಡುಕಿದೆ. ಎಲ್ಲ ದೂರ, ಎಲ್ಲ ಮಸುಕು. ಕೊನೆಗೆ ಕಣ್ಣು ರಸ್ತೆಗೆ ಬಿತ್ತು.

“ಮೇಷ್ಟ್ರೇ, ಇದು ಉಲ್ಟಾನೇ.”

“ಹೆಂಗ್ ಹೇಳ್ತೀಯ?”

“ಗಾಡಿ ನೋಡಿ. ಎಲ್ಲಾ ಬಲಗಡೆ ಹೋಗ್ತಾ ಇವೆ.”

ಮೇಷ್ಟ್ರು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ಹೌದಲ್ಲೇ!” ಎಂದರು. ಮಿಷಿನ್‌ಮನ್‌ನನ್ನು ಕರೆದರು. ಅವನು ನೋಡಿ, “ಗುರುವೇ, ತುಮಕೂರು ರೋಡಲ್ಲಿ ಹಿಂಗೆ ಓಡ್ಸಿದ್ರೆ ದಾಸರಹಳ್ಳಿ ದಾಟಲ್ಲ,” ಎಂದು ನಕ್ಕ.

ನನಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ನಾನೇನು ಸುಮ್ಮನೆ ಹೇಳುವವಳಲ್ಲ, ಸಾಕ್ಷಿ ಸಮೇತ ಹೇಳುವವಳು ಎಂದು ತೋರಿಸಬೇಕಿತ್ತು. ಹಾಂಗ್‌ಕಾಂಗ್ ತೆಗೆದೆ. ಅದರಲ್ಲಿ ಕಚ್ಚು ಇತ್ತು, ಅನುಮಾನಕ್ಕೆ ಜಾಗವಿರಲಿಲ್ಲ. ಅಲ್ಲಿಯ ಬಸ್ಸುಗಳೆಲ್ಲ ನಮ್ಮ ಹಾಗೆ ಎಡಗಡೆ. “ನೋಡಿ, ಫಾರಿನ್‌ನಲ್ಲೂ ಎಡಕ್ಕೇ ಹೋಗೋದು,” ಎಂದೆ. ಮೇಷ್ಟ್ರೂ ಒಪ್ಪಿದರು. ನೀಸ್ ಅನ್ನು ಮಗುಚಿ, ಮಂದ ಮುಖ ಮೇಲೆ ಮಾಡಿ, ನಾನೇ ಟೇಪು ಹಾಕಿದೆ. ಗಾಡಿಗಳು ಎಡಕ್ಕೆ ಬಂದವು. ನೋಡಿದರೆ ನಮ್ಮದೇ ರಸ್ತೆ ಎನ್ನುವಷ್ಟು ಸರಿಯಾಗಿತ್ತು.

ಮೇಷ್ಟ್ರು ದೊಡ್ಡ ಮನುಷ್ಯರು. ತಮ್ಮ ಮಾತು ಬಿದ್ದುಹೋಯಿತೆಂದು ಮುಖ ಊದಿಸಿಕೊಳ್ಳಲಿಲ್ಲ. ಮ್ಯಾನೇಜರ ಹತ್ತಿರ ತಾವೇ ಹೋಗಿ, “ನಾನು ಉಲ್ಟಾ ಹೊಡೆದುಬಿಡ್ತಿದ್ದೆ ಸಾರ್, ಈ ಹುಡುಗಿ ಕಣ್ಣು ಉಳಿಸ್ತು,” ಎಂದರು. ಮ್ಯಾನೇಜರು ಹೆಚ್ಚು ಮಾತಿನವರಲ್ಲ. ತಲೆಯಾಡಿಸಿ, “ತಿಂಗಳ ಕೊನೆಗೆ ಕಾಗದ ಮಾಡ್ಸೋಣ,” ಎಂದರಂತೆ. ಆ ದಿನ ಸಂಜೆ ನಮ್ಮೂರು ಚಿಕ್ಕಬಾಣಾವರದವರೆಗೂ ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋವು ಗೊತ್ತಾಗಲಿಲ್ಲ.

ದೊಡ್ಡ ಹಾಳೆಗೆ ನಾಲ್ಕು ಚಿತ್ರ, ಹಾಗೆ ಮೂರು ಫಾರಂ. ನೀಸ್ ಮೊದಲ ಫಾರಮ್ಮಿನಲ್ಲೇ ಇತ್ತು. ಗಿರಾಕಿ ಬಂದು ಪ್ರೂಫ್ ನೋಡಿದರು. “ಸಮುದ್ರ ಸಕ್ಕತ್ತಾಗಿದೆ,” ಎಂದು ಸಹಿ ಹಾಕಿದರು. ಮ್ಯಾನೇಜರು ಬಣ್ಣ ನೋಡಿದರು, ಗೆರೆಗೆ ಗೆರೆ ಕೂತಿದೆಯೋ ನೋಡಿದರು. ಗಾಡಿ ಯಾವ ಕಡೆ ಹೋಗುತ್ತಿದೆ ಎಂದು ಯಾರು ನೋಡುತ್ತಾರೆ? ಎಲ್ಲ ನಮ್ಮ ಹಾಗೇ ಹೋಗುತ್ತಿದ್ದವಲ್ಲ.

ಮಿಷಿನ್ನು ಒಂದು ಸಲಕ್ಕೆ ಒಂದೇ ಬಣ್ಣ ಹಾಕುವಂಥದ್ದು. ಹಳದಿ ಹಾಕಿ ಒಣಗಲು ಬಿಟ್ಟರೆ ಕರೆಂಟು ಹೋಗುವುದು; ಕೆಂಪಿಗೆ ಶುರು ಮಾಡಿದರೆ ಮತ್ತೆ ಹೋಗುವುದು. ನಾಲ್ಕು ಬಣ್ಣಕ್ಕೆ ವಾರ ಹಿಡಿಯಿತು. ಶನಿವಾರ ಮಧ್ಯಾಹ್ನ ಕಪ್ಪು ಮುಗಿದಾಗ ಮೂರು ಸಾವಿರ ನೀಸ್ ಸಾಲಾಗಿ ಹಲಗೆಯ ಮೇಲೆ ಒಣಗುತ್ತಿದ್ದವು. ಮಿಷಿನ್ನು ಹೊಂದಿಸುವಾಗ ಹಾಳಾದ ಹಾಳೆಗಳನ್ನು ನಾವು ಮನೆಗೆ ಒಯ್ಯುವುದು ವಾಡಿಕೆ. ಗೂಡಿಗೆ ಹಾಸಲು, ಪುಸ್ತಕಕ್ಕೆ ಹೊದಿಕೆ ಹಾಕಲು. ಬಣ್ಣ ಚೂರು ಹಾರಿದ್ದ ಒಂದು ನೀಸ್ ತಂದು ನಡುಮನೆಯ ಗೋಡೆಗೆ ಅಂಟಿಸಿದೆ. ನನ್ನ ಕಣ್ಣಿನ ಸಾಧನೆ ನಾನೇ ನೋಡಿಕೊಳ್ಳಬೇಡವೇ!

ಅದೇ ಸಂಜೆ ಪಕ್ಕದ ಮನೆಯವನು ಬಂದ. ಕುವೈತ್‌ನಲ್ಲಿ ಡ್ರೈವರ್ ಆಗಿದ್ದ, ಎರಡು ವರ್ಷದ ಮೇಲೆ ರಜೆಗೆ ಬಂದಿದ್ದ. ಅಮ್ಮನಿಗೆ ಖರ್ಜೂರ ಕೊಟ್ಟು, ಕಾಫಿ ಲೋಟ ಹಿಡಿದು ಗೋಡೆಯ ಮುಂದೆ ನಿಂತ.

“ಜಯಕ್ಕಾ, ಇದ್ಯಾವೂರು? ಇಂಗ್ಲೆಂಡಾ?”

“ಅಲ್ಲ ಕಣೋ. ಫ್ರಾನ್ಸು. ನೀಸ್ ಅಂತ.”

“ಫ್ರಾನ್ಸಾ? ಇರಲಾರ್ದು ಬಿಡಕ್ಕ. ಗಾಡಿ ಎಡಗಡೆ ಹೋಗ್ತಾ ಐತಲ್ಲ.”

“ಮತ್ತೆ ಯಾವ ಕಡೆ ಹೋಗ್ಬೇಕು?”

“ಬಲಗಡೆ! ಕುವೈತಲ್ಲೂ ಬಲಗಡೆನೇ. ನಮ್ ಕ್ಯಾಂಪಲ್ಲಿ ಫ್ರಾನ್ಸ್ ಎಂಜಿನಿಯರ್ ಒಬ್ಬ ಅವ್ನೆ, ಅವನ ಗಾಡಿ ಓಡ್ಸೋದು ನಾನೇ. ಹೊಸದ್ರಲ್ಲಿ ನಾನು ಕೈತಪ್ಪಿ ಎಡಕ್ಕೆ ಎಳೆದ್ರೆ ಕೂಗಾಡೋನು. ಫ್ರಾನ್ಸಲ್ಲೂ ಹಿಂಗೇ ಬಲಕ್ಕೇ ಓಡ್ಸೋದು, ಇಂಗ್ಲಿಷ್‌ನೋರು ಆಳಿದ ಕಡೆ ಮಾತ್ರ ಎಡಕ್ಕೆ ಅಂತ ಅವನೇ ಹೇಳಿದ್ದು.”

“ಹಾಂಗ್‌ಕಾಂಗು?”

“ಅದು ಇವತ್ತಿಗೂ ಇಂಗ್ಲಿಷ್‌ನೋರ್ದೇ ಅಲ್ವಾ?”

ಮುಗಿಯಿತು. ನನ್ನ ಸಾಕ್ಷಿಯೇ ನನ್ನನ್ನು ಹಿಡಿದುಕೊಟ್ಟಿತ್ತು. ಅವನು ಹೋದ ಮೇಲೆ ಗೋಡೆಯ ಮುಂದೆಯೇ ಕೂತೆ. ಫ್ರಾನ್ಸಿನ ಒಂದು ಊರನ್ನು ಅದರ ಕಡಲು, ಬೀದಿ, ಮನೆ ಮಠ ಸಮೇತ ಎತ್ತಿ ಮಗುಚಿ ಹಾಕಿದ್ದೆ. ಅದೂ ಮೂರು ಸಾವಿರ ಸಲ. ಮೇಷ್ಟ್ರು ಸರಿಯಾಗಿ ಇಟ್ಟಿದ್ದನ್ನು ನಾನು ಜಂಬ ಮಾಡಿ ಕೆಡಿಸಿದ್ದೆ.

“ಏನಾಯ್ತೇ, ಮಕ ಯಾಕಿಂಗ್ ಮಾಡ್ಕಂಡಿದೀಯ?” ಎಂದರು ಅಮ್ಮ. ಹೇಳಿದೆ. ಅಮ್ಮ ಗೋಡೆಯನ್ನು ಹತ್ತಿರದಿಂದ ನೋಡಿ, “ಚೆಂದಾಗೇ ಐತಲ್ಲ. ಯಾರು ಓಗಿ ನೋಡ್ಕಂಡ್ ಬಂದವ್ರೆ? ಸುಮ್ಕಿರು. ಬಾಯ್ ಬಿಟ್ರೆ ನಿನ್ ಕೆಲ್ಸಕ್ಕೇ ಸಂಚಕಾರ,” ಎಂದರು.

ಭಾನುವಾರವಿಡೀ ಅಮ್ಮನ ಮಾತೇ ಸರಿ ಎಂದುಕೊಂಡೆ. ನಿಜಕ್ಕೂ ಯಾರಿಗೆ ಗೊತ್ತಾಗುತ್ತದೆ? ಪೀಣ್ಯದಿಂದ ಯಾರು ನೀಸ್‌ಗೆ ರಜೆ ಕಳೆಯಲು ಹೋಗುತ್ತಾರೆ?

ಸೋಮವಾರ ಬೆಳಿಗ್ಗೆ ಕತ್ತಲೆಕೋಣೆಯ ಬಾಗಿಲಲ್ಲಿ ಮೇಷ್ಟ್ರನ್ನು ಹಿಡಿದು ಪಿಸುಮಾತಿನಲ್ಲಿ ಹೇಳಿದೆ. ಅವರು ಕೈಯೊರೆಸಿಕೊಂಡರು.

“ಡ್ರೈವರ್ ಹೇಳಿದ್ದು ನಿಜಾನಾ?”

“ದಿನಾ ಓಡ್ಸೋನು ಮೇಷ್ಟ್ರೇ. ಸುಳ್ಳು ಯಾಕೆ ಹೇಳ್ತಾನೆ?”

“ನಿನ್ ಕಾಯಂ ಕಾಗದ ಟೈಪಾಗಿದೆ ಕಣಮ್ಮ. ಆಫೀಸ್ ಮೇಜಿನ ಮೇಲೆ ನಾನೇ ನೋಡ್ದೆ. ‘ಚುರುಕು ಕಣ್ಣಿನ ಕೆಲಸಗಾರ್ತಿ’ ಅಂತ ಒಂದು ಸಾಲೇ ಇದೆ. ಸಹಿ ಒಂದು ಬಾಕಿ.” ಕತ್ತಲೆಕೋಣೆಯ ಬಾಗಿಲು ತೆಗೆಯುತ್ತ ಹೇಳಿದರು, “ನಾನಂತೂ ಬಾಯಿ ಬಿಡಲ್ಲ. ಹೇಳೋದು ಬಿಡೋದು ನಿಂಗೆ ಬಿಟ್ಟಿದ್ದು.”

ಆ ಸಾಲು ಕೇಳಿ ನನಗೆ ಇನ್ನಷ್ಟು ಸಂಕಟವಾಯಿತು. ಹೊಗಳಿಕೆ ಬಂದದ್ದೇ ತಪ್ಪಿನಿಂದ. ಆದರೂ ಹೇಳುವ ಧೈರ್ಯ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ. ಮಧ್ಯಾಹ್ನದವರೆಗೆ ಎರಡನೇ ಫಾರಮ್ಮಿನ ಫಿಲ್ಮುಗಳಲ್ಲಿ ಸೂಜಿಮೊನೆಯಷ್ಟು ತೂತುಗಳಿಗೆ ಬಣ್ಣ ಬಳಿದು ಮುಚ್ಚುತ್ತ ಕೂತೆ. ಗಮನ ಎಲ್ಲೋ ಇದ್ದು ಒಂದು ಕಡೆ ನಯಾಗರಾದ ನೀರಿಗೇ ಬಣ್ಣ ಬಳಿದೆ. ಅದನ್ನು ಕೆರೆದು ತೆಗೆಯಲು ಒಂದು ಗಂಟೆ.

ಊಟದ ಹೊತ್ತಿಗೆ ಬೈಂಡಿಂಗ್‌ಗೆ ಹೋದೆ. ಡಬ್ಬಿ ಅಲ್ಲಿಯೇ ಹೆಂಗಸರ ಜತೆ ಬಿಚ್ಚುವುದು ನನ್ನ ರೂಢಿ. ಅವತ್ತು ಅವರು ರಟ್ಟಿನ ಕೊಳವೆಗಳಿಗೆ ವಿಳಾಸದ ಚೀಟಿ ಅಂಟಿಸುತ್ತಿದ್ದರು. ಕ್ಯಾಲೆಂಡರ್ ಸುತ್ತಿ ಅದರಲ್ಲಿ ಹಾಕಿ ಹೊರದೇಶದ ಗಿರಾಕಿಗಳಿಗೆ ಕಳಿಸಬೇಕು, ಅದಕ್ಕೆ. ಹಿರಿಯ ಹೆಂಗಸೊಬ್ಬಳು ಒಂದು ಚೀಟಿ ನನ್ನ ಮುಂದೆ ಹಿಡಿದು, “ನೀನು ಇಂಗ್ಲಿಷ್ ಓದ್ತೀಯಲ್ಲ, ಇದೇನು ನೋಡೇ, ನಾಲ್ಗೆಗೇ ಬರಲ್ಲ,” ಎಂದಳು.

ಓದಿದೆ. ಒಂದು ಕಂಪನಿಯ ಹೆಸರು, ಬೀದಿಯ ಹೆಸರು, ಕೊನೆಯಲ್ಲಿ ನೀಸ್, ಫ್ರಾನ್ಸ್.

ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿ ಇನ್ನೊಮ್ಮೆ ಓದಿದೆ. ಆ ಬೀದಿಯಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ, ನಮ್ಮ ಪಕ್ಕದ ಬೀದಿಯ ಪಂಪು ಕೊಂಡಿದ್ದಾನೆ. ಮೇ ಒಂದನೇ ತಾರೀಖು ಹಾಳೆ ತಿರುವುತ್ತಾನೆ. ಎದುರಿಗೆ ಅವನದೇ ಊರು, ಬಲಗಡೆ ಇರಬೇಕಾದ ಕಡಲು ಎಡಗಡೆ, ಎಡಗಡೆ ಇರಬೇಕಾದ ಮನೆ ಬಲಗಡೆ. ಇವರ ಕೈಗೆ ಒಂದು ಚಿತ್ರ ಸರಿಯಾಗಿ ಹಿಡಿಯಲು ಬರುವುದಿಲ್ಲ, ಪಂಪಿನ ಗತಿ ಏನೋ ಅಂದುಕೊಳ್ಳುವುದಿಲ್ಲವೇ? ಅವನು ಅಂದುಕೊಳ್ಳದಿದ್ದರೂ ನಾನು ಪ್ರತಿ ಮೇ ತಿಂಗಳೂ ಅಂದುಕೊಳ್ಳುತ್ತೇನೆ. ಡಬ್ಬಿ ಮುಚ್ಚಿ ಎದ್ದೆ. ಕೈ ಕೂಡ ಸರಿಯಾಗಿ ತೊಳೆಯದೆ ಮ್ಯಾನೇಜರ ಕೋಣೆಗೆ ಹೋದೆ.

“ಸಾರ್, ನೀಸ್ ಉಲ್ಟಾ ಇದೆ. ಮೇಷ್ಟ್ರು ಸರಿಯಾಗೇ ಇಟ್ಟಿದ್ರು. ಮಗುಚಿದ್ದು ನಾನು.”

ಅವರು ಪೆನ್ನು ಕೆಳಗಿಟ್ಟರು. “ಯಾರು ಹೇಳಿದ್ದು ಉಲ್ಟಾ ಅಂತ?”

“ಪಕ್ಕದ ಮನೆ ಡ್ರೈವರ್, ಸಾರ್. ಕುವೈತಲ್ಲಿದಾನೆ.”

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಫೋನ್ ತೆಗೆದುಕೊಂಡರು. ಜಾಲಹಳ್ಳಿಯಲ್ಲಿ ಅವರಿಗೆ ಗೊತ್ತಿದ್ದ ಒಬ್ಬ ನಿವೃತ್ತ ಅಧಿಕಾರಿ ಇದ್ದರು, ಯೂರೋಪ್ ಸುತ್ತಿ ಬಂದವರು. ಒಂದೇ ಪ್ರಶ್ನೆ ಕೇಳಿದರು, “ಫ್ರಾನ್ಸಲ್ಲಿ ಕಾರ್ ಯಾವ ಕಡೆ ಓಡ್ಸ್ತಾರೆ?” ಆ ಕಡೆಯಿಂದ ನಗು ಕೇಳಿಸಿತು. ಫೋನ್ ಇಟ್ಟು ನನ್ನನ್ನೇ ನೋಡಿದರು. ಮೇಜಿನ ಮೇಲಿದ್ದ ಒಂದು ಟೈಪಾದ ಕಾಗದವನ್ನು ನಿಧಾನವಾಗಿ ಮಡಚಿ ಡ್ರಾಯರಿಗೆ ಹಾಕಿದರು. ಅದೇನು ಕಾಗದವೆಂದು ನಾನು ಕೇಳಬೇಕಾಗಿರಲಿಲ್ಲ.

“ನಾನೂ ನೋಡಿದ್ದೆನಲ್ಲ,” ಎಂದರು, ತಮಗೇ ಹೇಳಿಕೊಂಡಂತೆ. “ಹೋಗು, ಕೆಲಸ ಮಾಡು.”

ಪೂರ್ತಿ ಮರುಮುದ್ರಣ ಆಗುವಂತಿರಲಿಲ್ಲ. ಆ ಆರ್ಟ್ ಪೇಪರ್ ಹೊರಗಿನಿಂದ ಬರಬೇಕು. ಮತ್ತೆ ತರಿಸಿದರೆ ಹೊಸ ವರ್ಷ ಹಳೆಯದಾಗಿರುತ್ತಿತ್ತು. ಗೋಡೌನಿನಲ್ಲಿ ಹಾಳು ಹೋಗುವ ಲೆಕ್ಕಕ್ಕೆಂದು ಇಟ್ಟಿದ್ದು ನೂರಿಪ್ಪತ್ತು ಹಾಳೆ ಮಾತ್ರ. ಒಂದನ್ನು ನಾಲ್ಕು ಮಾಡಿದರೂ ಐನೂರು ದಾಟುವುದಿಲ್ಲ. ಮ್ಯಾನೇಜರು ಪಂಪ್ ಕಾರ್ಖಾನೆಯ ಮಾಲೀಕರನ್ನು ಕರೆಸಿದರು. ನನ್ನನ್ನೂ ನಿಲ್ಲಿಸಿಕೊಂಡೇ ಎಲ್ಲ ಹೇಳಿದರು. ನನಗೆ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟಿನೊಳಗೆ ಹೊಕ್ಕುಬಿಡೋಣ ಅನ್ನಿಸಿತ್ತು.

ಮಾಲೀಕರು ಪ್ರೂಫನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಸೈನ್ ಮಾಡಿದ್ದು ನಾನೇ ಅಲ್ವಾ,” ಎಂದರು. ಆಮೇಲೆ ಕೇಳಿದರು, “ಹೊರದೇಶಕ್ಕೆ ಹೋಗೋದು ಎಷ್ಟು?”

“ನಾನೂರು.”

“ಅಷ್ಟು ಸರಿ ಮಾಡಿಕೊಡಿ ಸಾರ್. ಮಿಕ್ಕಿದ್ದು ನಮ್ ಡೀಲರ್‌ಗಳಿಗೆ, ಅಂಗಡಿಗಳಿಗೆ. ಅವ್ರಿಗೆ ಎಡಗಡೆನೇ ಇರ್ಲಿ ಬಿಡಿ. ಬಲಗಡೆ ಹೋಗೋ ಗಾಡಿ ನೋಡಿದ್ರೆ ತಪ್ಪು ಅಂತ ಅವ್ರೇ ವಾಪಸ್ ತಂದುಕೊಡ್ತಾರೆ!”

ಮ್ಯಾನೇಜರು ಆ ವರ್ಷದಲ್ಲಿ ಮೊದಲ ಸಲ ನಕ್ಕಿದ್ದು ಆಗ. ನಾನು ನಗಲಿಲ್ಲ, ನನಗೆ ಅಳು ಬಂದಿತ್ತು.

ನಾನೂರು ಸರಿಯಾದ ನೀಸ್ ತೆಗೆಯುವುದು ಸುಲಭವಾಗಲಿಲ್ಲ. ಟ್ರಾನ್ಸ್‌ಪರೆನ್ಸಿಯನ್ನು ಗಾಜಿನಿಂದ ಬಿಡಿಸಿ, ಮೇಷ್ಟ್ರು ಮೊದಲ ದಿನ ಇಟ್ಟ ಹಾಗೆಯೇ ಇಟ್ಟೆ. ಅವರು ಮತ್ತೆ ನಾಲ್ಕು ಸಲ ಹೊಡೆದರು. ಚಿಕ್ಕ ಮಿಷಿನ್ನಿಗೆ ಬೇರೆ ಪ್ಲೇಟು. ಹಾಳೆಗಳನ್ನು ಕತ್ತರಿಸಿದ ಮೇಲೆ ಅವು ಹವಾಮಾನಕ್ಕೆ ಹಿಗ್ಗಿ ಕೂತವು; ಆ ವಾರ ಬಿಸಿಲೇ ಇಲ್ಲ, ಜಿಟಿಜಿಟಿ. ಹಳದಿ, ಕೆಂಪು ಸರಿಯಾಗಿ ಬಿದ್ದವು. ನೀಲಿ ಬಿದ್ದಾಗ ಕಡಲಿನ ಅಂಚು ಎರಡೆರಡು. ಒಂದು ಕೂದಲೆಳೆಯಷ್ಟು ಜಾರಿತ್ತು. ಮಿಷಿನ್‌ಮನ್ ನಿಲ್ಲಿಸಿ ಸರಿಮಾಡುವಷ್ಟರಲ್ಲಿ ಮೂವತ್ತೆರಡು ಹಾಳೆ ಕಸಕ್ಕೆ ಹೋದವು. ಅವನು ಒಂದೊಂದು ಹಾಳೆ ತೆಗೆದಾಗಲೂ ನನ್ನ ಕಡೆ ನೋಡುತ್ತಿದ್ದ. ಬೈಯಲಿಲ್ಲ. ಅವನು ಬೈದಿದ್ದರೆ ವಾಸಿಯಿತ್ತು. ಮೇಷ್ಟ್ರು ಉಳಿದ ಹಾಳೆಗಳನ್ನು ಎರಡು ದಿನ ಮಿಷಿನ್ನಿನ ಪಕ್ಕದಲ್ಲೇ ಗಾಳಿಯಾಡಲು ಬಿಡಿಸಿ, ಮೂರನೇ ದಿನ ನೀಲಿ ಮುಂದುವರಿಸಿದರು. ಕಪ್ಪು ಮುಗಿದಾಗ ಎಣಿಸಿದೆವು. ನಾನೂರಾ ಹನ್ನೊಂದು. ಮಿಷಿನ್‌ಮನ್ ಹಾಳೆಯ ಮೇಲೆ ಬೆರಳಿಟ್ಟು, “ತಗೋ ಜಯಮ್ಮ, ನಿನ್ ಗಾಡಿಗಳು ಬಲಕ್ಕೆ ತಿರುಗಿದ್ವು,” ಎಂದ.

ಅಂದೇ ಮ್ಯಾನೇಜರು ಕರೆದು ಹೇಳಿದರು: “ಎರಡು ಥರದ ನೀಸ್ ಇದೆ. ಬೆರೆಯಬಾರದು. ಹೊರಗೆ ಹೋಗೋದ್ರಲ್ಲಿ ಒಂದು ತಪ್ಪು ಹಾಳೆ ಸೇರಿದ್ರೂ ಮಾಡಿದ್ದೆಲ್ಲ ನೀರು. ನಾಳೆಯಿಂದ ಬೈಂಡಿಂಗ್‌ಗೆ ಹೋಗು.”

ಎಷ್ಟು ದಿನ ಎಂದು ಅವರು ಹೇಳಲಿಲ್ಲ. ನನ್ನ ಭೂತಗನ್ನಡಿ, ಬ್ರಷ್ಷು, ಸಣ್ಣ ಚಾಕು ಒಂದು ಬಟ್ಟೆಯಲ್ಲಿ ಸುತ್ತಿ ಲೈಟ್ ಟೇಬಲ್ಲಿನ ಡ್ರಾಯರಿನಲ್ಲಿ ಇಟ್ಟು, ದೀಪ ಆರಿಸಿ ಹೋದೆ. ಬೈಂಡಿಂಗ್ ಹೆಂಗಸರು ಜರುಗಿ ಜಾಗ ಮಾಡಿಕೊಟ್ಟರು. ಹಿರಿಯವಳು ತನ್ನ ಡಬ್ಬಿಯಿಂದ ಒಂದು ಕಜ್ಜಾಯ ತೆಗೆದು ಕೈಗಿಟ್ಟಳು. ಇವರ ಜತೆ ಮೂರು ವರ್ಷ ಸುಖವಾಗಿಯೇ ಇದ್ದೆನಲ್ಲ, ಈಗ ಯಾಕೆ ಇಷ್ಟು ಹೊಟ್ಟೆ ಉರಿಯುತ್ತಿದೆ ಎಂದು ನನ್ನ ಮೇಲೇ ಸ್ವಲ್ಪ ಬೇಸರವಾಯಿತು.

ಎರಡು ನೀಸ್ ಬೆರೆಯದಿರಲು ಒಂದು ಉಪಾಯ ಮಾಡಿದೆ. ಹೊರದೇಶದ ನಾನೂರರ ತಲೆಯ ಅಂಚಿನಲ್ಲಿ, ತಗಡಿನ ಪಟ್ಟಿ ಬಂದು ಮುಚ್ಚುವ ಜಾಗದಲ್ಲಿ, ಪೆನ್ಸಿಲಿನಿಂದ ಬಲಕ್ಕೆ ಒಂದು ಸಣ್ಣ ಬಾಣ ಹಾಕಿದೆ. ಜೋಡಿಸುವಾಗ ಬಾಣ ನೋಡಿ ಜೋಡಿಸುವುದು, ಪಟ್ಟಿ ಹೊಡೆಯುವ ಮುಂಚೆ ನಾನೊಮ್ಮೆ ರಸ್ತೆ ನೋಡುವುದು. ನಾನೂರನ್ನೂ ನಾನೇ ನೋಡಿದೆ, ನಾನೇ ಸುತ್ತಿ ಕೊಳವೆಗೆ ಹಾಕಿದೆ. ನೀಸ್‌ನ ವಿಳಾಸವಿದ್ದ ಕೊಳವೆಯನ್ನು ಮುಚ್ಚಿದ ಮೇಲೆ ಮತ್ತೆ ಬಿಚ್ಚಿ ಇನ್ನೊಂದು ಸಲ ನೋಡಿದೆ. ಹೆಂಗಸರು ನಕ್ಕರು, ನಗಲಿ ಎಂದುಕೊಂಡೆ.

ಉಳಿದದ್ದು ನಮ್ಮ ಸೀಮೆಗೆ ಹಂಚಿಹೋಯಿತು. ದಾಸರಹಳ್ಳಿಯ ಪಂಪಿನಂಗಡಿ, ಜಾಲಹಳ್ಳಿ ಕ್ರಾಸಿನ ಹೋಟೆಲು, ನಮ್ಮೂರ ರೈಲ್ವೆ ಸ್ಟೇಷನ್ನಿನ ಎದುರಿನ ಕ್ಷೌರದಂಗಡಿ, ಎಲ್ಲ ಕಡೆಯೂ ಆ ವರ್ಷ ಅದೇ ಕ್ಯಾಲೆಂಡರು. ಮೇ ತಿಂಗಳಿಡೀ ನಾನು ಎಲ್ಲಿ ತಲೆಯೆತ್ತಿದರೂ ಫ್ರಾನ್ಸಿನ ಗಾಡಿಗಳು ಶಿಸ್ತಾಗಿ ಎಡಗಡೆ ಹೋಗುತ್ತಿದ್ದವು. ಒಬ್ಬರೂ ತಪ್ಪು ಹಿಡಿಯಲಿಲ್ಲ. ವರ್ಷ ಮುಗಿದ ಮೇಲೂ ಎಷ್ಟೋ ಮನೆಯವರು ಆ ಹಾಳೆಯನ್ನು ಗೋಡೆಯಿಂದ ತೆಗೆಯಲಿಲ್ಲ. ಆದರೆ ಇದು ಮುಂದಿನ ಮಾತು.

ಕೊಳವೆಗಳೆಲ್ಲ ಅಂಚೆಗೆ ಹೋದ ಮರುವಾರ ನಾನು ಬೇರೊಂದು ಕೆಲಸಕ್ಕೆ ತಗಡು ಹೊಡೆಯುತ್ತಿದ್ದೆ. ಬೆರಳಿಗೆ ಮತ್ತೆ ಗೀರು ಬಿದ್ದಿತ್ತು. ಪರೀಕ್ಷೆಯ ಆರು ತಿಂಗಳು ಮುಗಿದು ಎರಡು ದಿನವಾಗಿತ್ತು, ಯಾರೂ ಏನೂ ಹೇಳಿರಲಿಲ್ಲ. ಮೇಷ್ಟ್ರು ಬೈಂಡಿಂಗ್ ಬಾಗಿಲಿಗೆ ಬಂದು ನಿಂತರು. ಮೂವತ್ತು ವರ್ಷದಲ್ಲಿ ಅವರು ಆ ಕಡೆ ಬಂದದ್ದನ್ನು ನೋಡಿದವರು ಯಾರೂ ಇರಲಿಲ್ಲ. ಕೈಯಲ್ಲಿ ಒಂದು ಟ್ರಾನ್ಸ್‌ಪರೆನ್ಸಿ.

“ಬಾ ಇಲ್ಲಿ. ಇದು ನೋಡು,” ಎಂದು ಕಿಟಕಿಯ ಬೆಳಕಿಗೆ ಹಿಡಿದರು.

ಒಂದು ಕಲ್ಲುಬೆಟ್ಟ, ತುದಿಯಲ್ಲೊಂದು ಗುಡಿ, ಕೆಳಗೆ ಕೆರೆ. ಮತ್ತೇನೂ ಇಲ್ಲ. ಇದೂ ಕಾಪಿ, ಇದರ ಅಂಚೂ ಕತ್ತರಿಸಿತ್ತು.

“ದೇವ್ರು ಒಳಗಿದಾನೆ, ಕೈ ಕಾಣಲ್ಲ,” ಎಂದರು ಮೇಷ್ಟ್ರು. “ರಸ್ತೆನೂ ಇಲ್ಲ, ಗಾಡಿನೂ ಇಲ್ಲ. ಯಾವ ಕಡೆ ಎದುರು ಅಂತೀಯ?”

ನೋಡಿದೆ. ಎರಡೂ ಕಡೆ ತಿರುಗಿಸಿ ನೋಡಿದೆ. ಹಿಂದಿನ ಜಯಮ್ಮ ಆಗಿದ್ದರೆ ಕೆರೆಯ ಏರಿ ಹಿಡಿದೋ, ಬಿಸಿಲು ಬಿದ್ದ ಕಡೆ ಹಿಡಿದೋ ಏನಾದರೊಂದು ಸಾಕ್ಷಿ ಹುಡುಕಿ ಹೇಳಿಯೇಬಿಡುತ್ತಿದ್ದಳು.

“ಗೊತ್ತಿಲ್ಲ ಮೇಷ್ಟ್ರೇ. ಹೊಡೆಯೋಕೆ ಮುಂಚೆ ಆ ಊರಿನೋರು ಯಾರಾದ್ರೂ ಒಬ್ರನ್ನ ಕೇಳೋಣ.”

ಮೇಷ್ಟ್ರು ಟ್ರಾನ್ಸ್‌ಪರೆನ್ಸಿಯನ್ನು ಲಕೋಟೆಗೆ ಹಾಕಿದರು. “ನಂಗೂ ಗೊತ್ತಿಲ್ಲ ಕಣಮ್ಮ. ಮೂವತ್ತು ವರ್ಷ ಆಯ್ತು, ಈ ಮಾತು ಹೇಳ್ದೋರು ನಮ್ ಪ್ರೆಸ್ಸಲ್ಲಿ ಯಾರೂ ಇರ್ಲಿಲ್ಲ,” ಎಂದರು. ಆಮೇಲೆ ಅಂಗಿಯ ಜೇಬಿನಿಂದ ಮಡಚಿದ ಒಂದು ಕಾಗದ ತೆಗೆದು ಕೊಟ್ಟರು. “ಮ್ಯಾನೇಜರು ಕೊಟ್ರು. ಕೈ ಒರೆಸ್ಕೊಂಡು ತಗೋ.”

ಬಿಡಿಸಿದೆ. ಕೆಳಗೆ ಸಹಿ ಇತ್ತು. ‘ಚುರುಕು ಕಣ್ಣಿನ ಕೆಲಸಗಾರ್ತಿ’ ಎಂಬ ಸಾಲಿನ ಮೇಲೆ ಕೆಂಪು ಪೆನ್ಸಿಲಿನಿಂದ ನೇರವಾಗಿ ಒಂದು ಗೆರೆ ಎಳೆದಿದ್ದರು. ಉಳಿದದ್ದೆಲ್ಲ ಟೈಪು ಮಾಡಿದ ಹಾಗೆಯೇ ಇತ್ತು.